ತೋರಣೆಯ ಬುಡದಲ್ಲಿ ಒಂದು ಲೆಕ್ಕ



ಮಳೆಗಾಲ ಬಂತೆಂದರೆ ನೀವು ಬೆನ್ನಿಗೆ ಚೀಲ ಏರಿಸಿ ಪುಣೆಯಿಂದ ಕೋಟೆಗಳತ್ತ ಹೊರಟುಬಿಡುತ್ತೀರಿ. ಖಡಕವಾಸಲಾ ಬಿಟ್ಟು ಮುಂದೆ ಖಾನಾಪುರದಲ್ಲಿ ತಿರುಗಿ, ಪಾಬೆ ಘಾಟ ದಾಟಿದರೆ ವೆಲ್ಹೆ. ಎದುರಿಗೇ 1,403 ಮೀಟರ್ ಎತ್ತರದ ತೋರಣಾ. ಮುಂದಿನ ಸಲ ಕೋಟೆ ಹತ್ತುವ ಮುನ್ನ ಐದು ನಿಮಿಷ ನಿಂತು ಬುಡದ ಹೊಲಗಳನ್ನು ನೋಡಿರಿ.

ತಗ್ಗಿನಲ್ಲಿ ಬದು ಕಟ್ಟಿದ ಭತ್ತದ ಗದ್ದೆ. ಮೇಲಿನ ಇಳಿಜಾರಿನಲ್ಲಿ ನಾಚಣಿ, ವರಯಿ, ಕಾರಳೆ. ನೀವು ಮರಾಠಿಯಲ್ಲೇ ಕೇಳಿದ ಈ ಹೆಸರುಗಳು ನಮಗೆ ಹೊಸವಲ್ಲ. ನಾಚಣಿ ನಮ್ಮ ರಾಗಿ, ವರಯಿ ನಮ್ಮ ಸಾಮೆ. ಕಾರಳೆ ಎಂದರೆ ಧಾರವಾಡದ ಕಡೆ ಪುಡಿ ಮಾಡಿ ರೊಟ್ಟಿಯೊಡನೆ ತಿನ್ನುವ ಗುರೆಳ್ಳು. ಮೈಸೂರಿನ ಕಡೆ ಅದೇ ಹುಚ್ಚೆಳ್ಳು.

ಈ ಮೂರಕ್ಕೂ ಒಂದು ಸರದಿ ಇದೆ. ಸಹ್ಯಾದ್ರಿಯ ಹಳೆಯ ಪದ್ಧತಿಯಲ್ಲಿ ಮೊದಲ ವರ್ಷ, ನೆಲದಲ್ಲಿ ಕಸುವಿರುವಾಗ, ರಾಗಿ. ಎರಡನೆಯ ವರ್ಷ ಸಾಮೆ. ಮೂರನೆಯ ವರ್ಷ ಬಡ ನೆಲದಲ್ಲೂ ಬರುವ, ದನಗಳು ಬಾಯಿ ಹಾಕದ ಗುರೆಳ್ಳು. ಆಮೇಲೆ ಕೆಲವು ವರ್ಷ ಭೂಮಿಗೆ ಬಿಡುವು. ಕೆಳಗಿನ ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಉಳಿದ ತೇವದಲ್ಲೇ ಹುರುಳಿಯಂಥ ಬೇಳೆಕಾಳು. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುತ್ತವೆ.

ಇದರಿಂದ ಉಳಿಯುವುದೇನು? ನಿಮ್ಮಲ್ಲಿ ಹಲವರು ಇಂಜಿನಿಯರುಗಳು. ಆದ್ದರಿಂದ ಲೆಕ್ಕದಲ್ಲೇ ಹೇಳುತ್ತೇನೆ. ಕೃಷಿಯ ಶಕ್ತಿಲೆಕ್ಕದಲ್ಲಿ ಒಂದು ಕಿಲೋ ರಾಸಾಯನಿಕ ಸಾರಜನಕಕ್ಕೆ ಸುಮಾರು 60 ಮೆಗಾಜೂಲ್ ಹಿಡಿಯುತ್ತಾರೆ. ಯೂರಿಯಾದಲ್ಲಿ ಸಾರಜನಕ ಶೇಕಡಾ 46. ಹಾಗಾದರೆ 45 ಕಿಲೋದ ಒಂದು ಚೀಲಕ್ಕೆ ಸುಮಾರು 1,250 ಮೆಗಾಜೂಲ್. ಗಂಡಾಳಿನ ಒಂದು ಗಂಟೆಯ ದುಡಿಮೆಗೆ ಹಿಡಿಯುವುದು 1.96 ಮೆಗಾಜೂಲ್. ದಿನಕ್ಕೆ ಎಂಟು ಗಂಟೆಯಂತೆ ಒಂದು ಚೀಲ ಯೂರಿಯಾ ಎಂದರೆ ಒಬ್ಬನ ಎಂಬತ್ತು ದಿನದ ದುಡಿಮೆ! ಅದೂ ಬಹುಪಾಲು ನೈಸರ್ಗಿಕ ಅನಿಲದಿಂದ ತಯಾರಾಗುವುದು. ಬೆಳೆಯ ಸರದಿ, ಸೆಗಣಿ, ಹುರುಳಿ ಇವುಗಳಿಂದಲೇ ನಡೆಯುವ ಬೆಟ್ಟದ ಬೇಸಾಯ ಇಷ್ಟು ಖರ್ಚನ್ನು ತಪ್ಪಿಸುತ್ತದೆ. ಇಳುವರಿ ಕಡಿಮೆ ನಿಜ. ಆದರೆ ಹೊರಗಿನಿಂದ ಹಾಕಿದ್ದೂ ಅಲ್ಪವೇ.

ಈಗ ಅದೇ ಕೋಷ್ಟಕದ ಮುಂದಿನ ಸಾಲು ನೋಡಿರಿ. ಹೆಣ್ಣಾಳಿನ ಒಂದು ಗಂಟೆಗೆ 1.57 ಮೆಗಾಜೂಲ್. ಅಂದರೆ ಗಂಡಿನ ಗಂಟೆಯ ಐದರಲ್ಲಿ ನಾಲ್ಕು ಪಾಲು ಮಾತ್ರ. ಆದರೆ ಜಿಟಿಜಿಟಿ ಮಳೆಯಲ್ಲಿ, ಜಾರುವ ಇಳಿಜಾರಿನಲ್ಲಿ ಸೊಂಟ ಬಗ್ಗಿಸಿ ರಾಗಿಯ ಸಸಿ ನೆಡುವವರು, ಕಳೆ ಕೀಳುವವರು ಹೆಚ್ಚಾಗಿ ಹೆಂಗಸರೇ. ತಲೆಯ ಮೇಲೆ ಇರ್ಲೆ, ಅಂದರೆ ನಮ್ಮ ಮಲೆನಾಡಿನ ಗೊರಬೆಯಂಥದ್ದು. ಈಚೆಗೆ ಪ್ಲಾಸ್ಟಿಕ್ ಹಾಳೆ. ಅವರು ಹೊಲಕ್ಕೆ ಹೊರಡುವ ಮುನ್ನ ಹೊತ್ತು ತಂದ ನೀರು, ಸೌದೆ, ಬಡಿದ ಭಾಕರಿ ಇವು ಯಾವ ಸಾಲಿನಲ್ಲೂ ಬರುವುದಿಲ್ಲ. ಮೂವತ್ತು ವರ್ಷ ಮನೆ ನಡೆಸಿದವಳಿಗೆ ಇಂಥ ಲೆಕ್ಕ ಹೊಸದೇನಲ್ಲ, ಬಿಡಿ. ಆದರೆ ‘ಕಡಿಮೆ ಶಕ್ತಿಯ ಬೇಸಾಯ’ ಎಂದು ನಾವು ಹೊಗಳುವಾಗ ಆ ಕಡಿಮೆಯಲ್ಲಿ ಯಾರ ಬೆನ್ನುನೋವು ಸೇರಿದೆ ಎಂದು ಕೇಳಲೇಬೇಕು.

ಹಳೆಯದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಸಸಿಮಡಿಯಲ್ಲಿ ರೆಂಬೆ, ಎಲೆ, ಸೆಗಣಿ ಸುಡುವ ‘ರಾಬ್’ ಪದ್ಧತಿಗೆ ಕಾಡಿನ ಮರಗಳೇ ಬಲಿ. ಜಮೀನು ಕಿರಿದಾದಂತೆ ಭೂಮಿಗೆ ಬಿಡುವೂ ಕಿರಿದಾಗುತ್ತದೆ. ಆಗ ಸರದಿಯ ಅರ್ಥವೇ ಹೋಗುತ್ತದೆ. ದುಡಿಯುವ ಹುಡುಗರು ಪುಣೆಗೆ ಬಂದರೆ ಊರಲ್ಲಿ ಉಳಿಯುವವರು ವಯಸ್ಸಾದ ಹೆಂಗಸರು.

ಹಾಗಾದರೆ ನೀವೇನು ಮಾಡಬಹುದು? ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ನಗರದಲ್ಲಿ ರಾಗಿ ಬಿಸ್ಕತ್ತಿಗೆ ಗಿರಾಕಿ ಸಾಕಷ್ಟಿದ್ದಾರೆ. ನೀವು ಚಾರಣದಿಂದ ಮರಳುವಾಗ ಊರವರಲ್ಲೇ ಎರಡು ಕಿಲೋ ನಾಚಣಿ ಕೇಳಿ ಕೊಳ್ಳಿರಿ, ಚೌಕಾಶಿ ಬೇಡ. ಇಂಜಿನಿಯರಾದವರು ಹಗುರವಾದ ಕಳೆ ತೆಗೆಯುವ ಸಾಧನ, ಇಳಿಜಾರಿಗೆ ಒಗ್ಗುವ ಒಕ್ಕಣೆ ಯಂತ್ರದ ಬಗ್ಗೆ ಯೋಚಿಸಿರಿ. ಮಾಡುವ ಮುನ್ನ ಅದನ್ನು ಹಿಡಿಯಬೇಕಾದ ಹೆಂಗಸನ್ನು ಒಂದು ಮಾತು ಕೇಳಿರಿ. ರಾಗಿ ಮುದ್ದೆ ಮಾಡಲು ಬಾರದಿದ್ದರೆ ಮನೆಯಲ್ಲಿ ಅಮ್ಮನೋ ಅಜ್ಜಿಯೋ ಇದ್ದಾರಲ್ಲ, ಕಲಿಸುತ್ತಾರೆ.