ಮಂಡಿ ಲೆಕ್ಕ

ಶ್ರೀನಿವಾಸಪುರದ ಷಡ್ಡಕರಿಗೆ ಫೋನ್ ಮಾಡಿ "ಭಾವ, ಮಂಡಿಗೆ ಪೆಟ್ಟು ಬಿತ್ತು" ಅಂದೆ. "ಯಾವುದಕ್ಕೆ, ಬಾದಾಮಿಗಾ ತೋತಾಪುರಿಗಾ?" ಅಂದರು. ತಪ್ಪು ಅವರದಲ್ಲ. ಮಾವಿನ ಸುಗ್ಗಿಯಲ್ಲಿ ಆ ಊರಿನಲ್ಲಿ ಮಂಡಿ ಎಂದರೆ ಕಾಯಿ ರಾಶಿ ಬೀಳುವ, ಹರಾಜು ಕೂಗುವ ಮಂಡಿ ಒಂದೇ. ಮನುಷ್ಯನ ಕಾಲಿನಲ್ಲೂ ಅಂಥದೊಂದು ಇದೆ ಎಂಬುದು ಕಾಯಿ ಮುಗಿದ ಮೇಲೆಯೇ ಅವರಿಗೆ ನೆನಪಾಗುವುದು. "ಬಲಗಾಲಿನ ಮಂಡಿ ಭಾವ" ಎಂದು ಬಿಡಿಸಿ ಹೇಳಿದೆ. ನಿಟ್ಟುಸಿರು ಬಿಟ್ಟರು. ಸದ್ಯ ರೇಟು ಬೀಳಲಿಲ್ಲವಲ್ಲ ಎಂಬ ಸಮಾಧಾನವೂ ಅದರಲ್ಲಿ ಇತ್ತೆಂದು ನನ್ನ ಗುಮಾನಿ.

ಪೆಟ್ಟಾದದ್ದು ಕೋಲಾರದ ಅಂತರಗಂಗೆಯಲ್ಲಿ. ಬಸವನ ಬಾಯಿಂದ ಬೀಳುವ ನೀರನ್ನು ಬಾಟಲಿಗೆ ತುಂಬಿಕೊಂಡು ಮೆಟ್ಟಿಲಿಳಿಯುತ್ತಿದ್ದಾಗ ಕೋತಿಯೊಂದು ಕೈಚೀಲಕ್ಕೆ ಜೋತುಬಿತ್ತು. ಚೀಲದಲ್ಲಿದ್ದುದು ಎರಡು ಬಾಳೆಹಣ್ಣು. ಬಿಟ್ಟುಕೊಟ್ಟಿದ್ದರೆ ಮುಗಿಯುತ್ತಿತ್ತು. 58ನೆಯ ವಯಸ್ಸಿನಲ್ಲಿ ಕೋತಿಗೆ ಸೋಲುವುದೇ ಎಂದು ಎಳೆದೆ. ಪಾದ ಇದ್ದಲ್ಲೇ ಇತ್ತು, ಮೈ ತಿರುಗಿತು, ಯಾರ ಕಡೆ ಸೇರಬೇಕೆಂದು ತಿಳಿಯದ ಮಂಡಿ ಲಟಕ್ ಅಂದಿತು. ಹಣ್ಣು ಕೋತಿಗೇ ಹೋಯಿತು. ಮಾರನೆಯ ದಿನ ಮಂಡಿ ಸೋರೆಬುರುಡೆ. ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ತುಸು ಹರಿದಿದೆ, ಆಪರೇಷನ್ ಬೇಡ, ಒಳಗೆ ನೀರು ತುಂಬಿದೆ ಅಷ್ಟೆ ಎಂದರು ಡಾಕ್ಟರು. ಸಾವಿರಾರು ಅಡಿ ಕೊರೆದರೂ ಕೊಳವೆಬಾವಿಯಿಂದ ಧೂಳು ಹಾರುವ ಜಿಲ್ಲೆ ನಮ್ಮದು. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿಯಿಂದ ನಮ್ಮ ಕೆರೆಗಳಿಗೆ ಹರಿಸಲು ಶುರು ಮಾಡಿದ್ದೇ 2018ರಲ್ಲಿ. ನನ್ನ ಮಂಡಿಗೆ ಮಾತ್ರ ಯಾವ ಯೋಜನೆಯೂ ಇಲ್ಲದೆ ನೀರು ಬಂತು.

ಫಿಸಿಯೋಥೆರಪಿಯ ಹುಡುಗಿ ನನ್ನ ಮಗಳ ವಯಸ್ಸಿನವಳು. ಮಂಡಿಯ ಕೆಳಗೆ ಟವೆಲೊಂದನ್ನು ಸುರುಳಿ ಸುತ್ತಿಟ್ಟು, "ಅಂಕಲ್, ಇದನ್ನ ಕೆಳಗೆ ಒತ್ತಿ, ತೊಡೆ ಬಿಗಿ ಮಾಡಿ, ಹತ್ತು ಎಣಿಸಿ" ಅಂದಳು. ಇಷ್ಟೇನಾ ಎಂದುಕೊಂಡು ಒತ್ತಿದೆ. ಹುಬ್ಬು ಬಿಗಿಯಿತು, ಹಲ್ಲು ಬಿಗಿಯಿತು, ಎರಡೂ ಕೈ ಮುಷ್ಟಿಯಾದವು. ತೊಡೆ ಮಾತ್ರ ಇದು ತನಗೆ ಹೇಳಿದ್ದಲ್ಲ ಎಂಬಂತೆ ಬಿದ್ದಿತ್ತು. ಕೀಲು ಊದಿಕೊಂಡಾಗ ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ಅಪ್ಪಣೆಯನ್ನು ನರಗಳೇ ತಡೆಯುತ್ತವಂತೆ. ನೊಂದ ಮಂಡಿಯನ್ನು ಕಾಪಾಡಲು ದೇಹ ಹೂಡುವ ಉಪಾಯ. ಆದರೆ ಅಪ್ಪಣೆ ಬಾರದ ಸ್ನಾಯು ಕೆಲವೇ ವಾರಗಳಲ್ಲಿ ಸೊರಗುತ್ತದೆ. ಅದು ಸೊರಗಿದರೆ ಮಂಡಿಗಿದ್ದ ಆಸರೆಯೇ ತಪ್ಪುತ್ತದೆ. ಕಳ್ಳರು ಬಂದಾರೆಂದು ಬಾಗಿಲು ಹಾಕಿದ ಕಾವಲಿನವನು ಅಕ್ಕಿ ತರುವವರನ್ನೂ ಒಳಗೆ ಬಿಡದ ಹಾಗೆ.

ಟವೆಲಿನ ಮೇಲೆ ಕಾಲು ಚಾಚಿ ಮಲಗಿದಾಗಲೆಲ್ಲ ಮುಳಬಾಗಿಲಿನ ನಮ್ಮ ಹಳೆಯ ಮನೆ ನೆನಪಾಗುತ್ತಿತ್ತು. ನಡುಮನೆಯ ದೇವರ ಪಟಗಳ ಸಾಲಿನ ಕೊನೆಯಲ್ಲಿ ತಾತ ಪೇಪರಿನಿಂದ ಕತ್ತರಿಸಿದ ಒಂದು ಚಿತ್ರ ಅಂಟಿಸಿದ್ದರು. ಲಂಗೋಟಿಯಷ್ಟರಲ್ಲಿ ನಿಂತ ಗಂಡಸು, ಗ್ರೀಕ್ ವಿಗ್ರಹದಂಥ ಮೈ. ಮಂಗಳಾರತಿ ಎತ್ತುವ ಅಜ್ಜಿ ಆ ಕೊನೆಗೆ ಬಂದೊಡನೆ ಕಣ್ಣು ಮುಚ್ಚುತ್ತಿದ್ದರು, ಭಕ್ತಿಯಿಂದಲ್ಲ. "ಯಾರು ತಾತ ಇವರು?" ಎಂದರೆ, "ನಮ್ಮ ದೇವರಾಯಸಮುದ್ರದೋರು ಕಣೋ, ಕೆ.ವಿ. ಅಯ್ಯರ್" ಎಂದು ತಾತ ತಮ್ಮ ಎದೆಯನ್ನೂ ಸ್ವಲ್ಪ ಉಬ್ಬಿಸುತ್ತಿದ್ದರು.

ದೇವರಾಯಸಮುದ್ರ ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯ ಊರು. ಅಲ್ಲಿಯ ಕೋಲಾರ ವೆಂಕಟೇಶ ಅಯ್ಯರ್ ಬೆಂಗಳೂರಿಗೆ ಹೋಗಿ ಹರ್ಕ್ಯುಲಿಸ್ ಜಿಮ್ನೇಷಿಯಂ ಕಟ್ಟಿದರು. ಕಬ್ಬಿಣ ಎತ್ತುವುದನ್ನೂ ಆಸನ ಹಾಕುವುದನ್ನೂ ಒಂದೇ ಚಾಪೆಗೆ ತಂದವರು. 1930ರಲ್ಲಿ 'ಮಸಲ್ ಕಲ್ಟ್' ಎಂಬ ಪುಸ್ತಕ, ಆಮೇಲೆ ಸೂರ್ಯನಮಸ್ಕಾರದ ಮೇಲೊಂದು. ಕೈಲಾಸಂ ಅವರ ಗೆಳೆಯರು. ಗರಡಿಯವರಿಗೂ ಸಿಗರೇಟು ಬಿಡದ ಆ ನಾಟಕಕಾರರಿಗೂ ಅದೇನು ಮಾತೋ! ಕಾಲೇಜಿನಲ್ಲಿ 'ಶಾಂತಲಾ' ಓದಿ ಮೈಮರೆತು, ಬರೆದವರ ಹೆಸರು ನೋಡಿದರೆ ನಮ್ಮ ಗೋಡೆಯ ಲಂಗೋಟಿಯವರೇ. ಹೊಯ್ಸಳರ ರಾಣಿಯನ್ನು ಅಷ್ಟು ನಯವಾಗಿ ಬರೆದ ಕೈ ಅಷ್ಟು ದಪ್ಪ ತೋಳಿನ ತುದಿಯಲ್ಲಿತ್ತೆಂದು ನಂಬಲು ನನಗೆ ಒಂದು ವಾರ ಹಿಡಿಯಿತು.

ಮಲಗಿದವನಿಗೆ ಅವರಲ್ಲಿ ಹೆಚ್ಚು ಹತ್ತಿರವಾದದ್ದು ಅಂಚೆ ಪಾಠ. ಜಿಮ್ನೇಷಿಯಂಗೆ ಬರಲಾಗದವರಿಗೆ ಅಯ್ಯರ್ ಅಂಚೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದರು. ಲಕೋಟೆಯೊಳಗೆ ಗರಡಿಮನೆ. ತಾತನೂ ತರಿಸಿದ್ದರಂತೆ, ಅಜ್ಜಿಯ ಪ್ರಕಾರ ಅದರಿಂದ ಬೆಳೆದದ್ದು ಅಂಚೆ ಖರ್ಚು ಮಾತ್ರ. ಅದಕ್ಕೂ ಮೊದಲು ಲಂಡನ್ನಿನಲ್ಲಿ ಮ್ಯಾಕ್ಸಿಕ್ ಎಂಬ ಕುಳ್ಳ ಜಟ್ಟಿಯೊಬ್ಬ, ಯಾವ ಸಲಕರಣೆಯೂ ಇಲ್ಲದೆ ಒಂದೊಂದೇ ಸ್ನಾಯುವನ್ನು ಮನಸ್ಸಿನಿಂದ ಬಿಗಿಯುವುದು, ಸಡಿಲಿಸುವುದು ಹೇಗೆಂದು 1911ರಲ್ಲಿ ಪುಸ್ತಕವನ್ನೇ ಬರೆದಿದ್ದ. ಹುಡುಗಿಯ ಟವೆಲು ಪಾಠವೂ ಅದೇ ವಂಶದ್ದು. ಹನ್ನೊಂದನೆಯ ದಿನ ಬೆಳಿಗ್ಗೆ, ತೊಡೆಯೊಳಗೆ ಮೀನು ಮಿಸುಕಿದಂತೆ ಏನೋ ಮಿಸುಕಿತು. "ಏ ಬಾರೇ, ಬಂತು!" ಎಂದು ಕೂಗಿದೆ. ಸೌಟು ಹಿಡಿದೇ ಓಡಿಬಂದ ಹೆಂಡತಿ ನೋಡಿ, "ಇದಕ್ಕಾರೀ ಒಗ್ಗರಣೆ ಸೀಯಿಸಿದ್ದು?" ಅಂದಳು.

ಕಾಲು ನೇರ ಎತ್ತಲು ಬಂದ ಮೇಲೆ ತೂಕ ಕಟ್ಟಬೇಕಿತ್ತು. ಇದಕ್ಕೂ ಒಂದು ಕತೆಯಿದೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಷಿಕಾಗೋದ ಸೇನಾ ಆಸ್ಪತ್ರೆಯಲ್ಲಿ ಥಾಮಸ್ ಡಿಲೋರ್ಮ್ ಎಂಬ ವೈದ್ಯ, ಮಂಡಿ ಕೆಟ್ಟ ಸೈನಿಕರ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ, ಮೆಲ್ಲಮೆಲ್ಲನೆ ತೂಕ ಏರಿಸುತ್ತ ಎತ್ತಿಸಿದ. ಹುಡುಗನಾಗಿದ್ದಾಗ ಕಾಯಿಲೆ ಬಿದ್ದು, ತೂಕ ಎತ್ತಿಯೇ ಮೈ ಕಂಡುಕೊಂಡಿದ್ದವನು ಆತ. 1945ರಲ್ಲಿ ಅದನ್ನು ಬರೆದು ಪ್ರಕಟಿಸಿದ. ನಮ್ಮ ಮನೆಯಲ್ಲಿ ಕಬ್ಬಿಣವೆಂದರೆ ದೋಸೆಯ ಕಾವಲಿ. ಹೆಂಡತಿ ಹಳೆಯ ಪಂಚೆ ಹರಿದು, ಉದ್ದನೆಯ ಚೀಲ ಹೊಲಿದು, ಅರ್ಧ ಕೆಜಿ ರಾಗಿ ತುಂಬಿ ಕಾಲಿಗೆ ಸುತ್ತಿ ಕಟ್ಟಿದಳು. ವಾರಕ್ಕೊಂದು ಪಾವು ಸೇರುತ್ತ ಹೋಯಿತು. ನೋಡಲು ಬಂದ ಮಾಲೂರಿನ ಗೆಳೆಯ ಸೇಬು ತರಲಿಲ್ಲ; ಪೇಪರಿನಲ್ಲಿ ಸುತ್ತಿದ ಎರಡು ಇಟ್ಟಿಗೆ ಮಂಚದ ಮೇಲಿಟ್ಟ. "ಕಾಲು ತಾನೇ ಕೆಟ್ಟಿರೋದು? ಕೈಗೆ ಇರಲಿ. ನಮ್ಮೂರ ಗೂಡಿಂದು, ಗಟ್ಟಿ ಐತೆ." ಕುರ್ಚಿಯಲ್ಲಿ ಕೂತು ದಿನಾ ಅವನ್ನು ಎತ್ತಿದೆ. ಬನಿಯನ್ನಿನ ತುಂಬ ಕೆಂಪು ಧೂಳು.

ಎಂಟನೆಯ ವಾರಕ್ಕೆ ಕೋಲಾರಮ್ಮನ ಕೆರೆಯ ಏರಿ ಮೇಲೆ ನಡೆಯತೊಡಗಿದೆ. ಹತ್ತನೆಯ ವಾರಕ್ಕೆ ಹೆಂಡತಿ ಕುರುಡುಮಲೆಗೆ ಹೊರಡಿಸಿದಳು. ನನ್ನ ಕಾಲು ಸರಿಹೋದರೆ ಗಣೇಶನಿಗೆ 21 ಬಸ್ಕಿ ಎಂದು ಹರಕೆ ಹೊತ್ತಿದ್ದಳು. ಹೊತ್ತವಳು ಅವಳು, ಹೊಡೆಯಬೇಕಾದವನು ನಾನು. ಪೂರ್ತಿ ಕೂರಬೇಡಿ, ಕಾಲುಭಾಗ ಬಗ್ಗಿ ಸಾಕು ಎಂದು ಫಿಸಿಯೋ ಹುಡುಗಿಯ ತಾಕೀತು ಬೇರೆ. 13 ಅಡಿಗೂ ಎತ್ತರದ ಆ ಒಂದೇ ಕಲ್ಲಿನ ಗಣಪನ ಮುಂದೆ ಕಿವಿ ಹಿಡಿದು ನಿಂತೆ. ಒಂದಾಯಿತು. ಎರಡಾಯಿತು. ಮೂರಕ್ಕೆ ತೊಡೆ ನಡುಗಿ, ಪಕ್ಕದ ಕಂಬ ಹಿಡಿದೆ. ಹಿಂದೆ ಸಾಲಿನಲ್ಲಿದ್ದ ಅಜ್ಜಿಯೊಬ್ಬರು, "ಆದಷ್ಟು ಮಾಡಪ್ಪ. ಅವನೂ ಕೂತೋನು ಇನ್ನೂ ಎದ್ದಿಲ್ಲ" ಅಂದರು.

ಹೆಂಡತಿ ಬೆರಳು ಮಡಿಸಿ ಎಣಿಸುತ್ತಿದ್ದಳು. "ಮೂರು ಜಮಾ. ಹದಿನೆಂಟು ಬಾಕಿ."

"ಬಡ್ಡಿ ಇಲ್ಲ ತಾನೆ?" ಎಂದು ಕೇಳಿದೆ.