ಕಣ್ಣಿನ ಬಳುವಳಿ

ದೀಪ ಹಚ್ಚುವ ಹೊತ್ತು. ಹಗಲೆಲ್ಲ ಚೆಂಡಾಡಿ ನಲಿದ ಹುಡುಗ ತನ್ನ ಮನೆಯ ಹೊಸ್ತಿಲನ್ನೇ ಎಡವಿ ಬೀಳುತ್ತಾನೆ. "ಕಣ್ಣು ನೆತ್ತಿಯ ಮೇಲಿದೆಯೆ?" ಎಂದು ಹಿರಿಯರು ಗದರುತ್ತಾರೆ. ಅವನ ಸೋದರಮಾವನೂ ಹೀಗೆಯೇ ಮುಸ್ಸಂಜೆಯಲ್ಲಿ ತಡವರಿಸುತ್ತಿದ್ದನೆಂಬುದು ನೆನಪಾದೊಡನೆ ಮಾತು ಬೇರೆ ದಾರಿ ಹಿಡಿಯುತ್ತದೆ. ಒಬ್ಬರು ಅದನ್ನು ಮನೆತನದ ಶಾಪವೆನ್ನುತ್ತಾರೆ. ಇನ್ನೊಬ್ಬರು ಪೂರ್ವಜನ್ಮದ ಕರ್ಮವೆನ್ನುತ್ತಾರೆ. ಮತ್ತೊಬ್ಬರು ಹುಡುಗನ ತಾಯಿಯ ಕಾಲ್ಗುಣವನ್ನು ಹಳಿಯುತ್ತಾರೆ.

ಕಣ್ಣಿನ ಹಿಂಬದಿಯ ಒಳಮೈಯನ್ನು ಆವರಿಸಿದ ತೆಳುಪೊರೆಯೇ ಅಕ್ಷಿಪಟಲ. ಅದರಲ್ಲಿ ಸುಮಾರು 12 ಕೋಟಿ ದಂಡಕೋಶಗಳೂ 60 ಲಕ್ಷ ಶಂಕುಕೋಶಗಳೂ ಇವೆ. ಮಬ್ಬುಬೆಳಕಿನ ನೋಟಕ್ಕೆ ದಂಡಕೋಶಗಳು ಬೇಕು. ಬಣ್ಣವನ್ನೂ ಅಕ್ಷರವನ್ನೂ ಗುರುತಿಸಲು ಶಂಕುಕೋಶಗಳು ಬೇಕು. ಕೆಲವು ಕುಟುಂಬಗಳಲ್ಲಿ ದಂಡಕೋಶಗಳು ವರ್ಷದಿಂದ ವರ್ಷಕ್ಕೆ ನಶಿಸುತ್ತವೆ. ಮೊದಲು ಇರುಳುಗುರುಡು ತೋರುತ್ತದೆ; ಬರಬರುತ್ತಾ ಅಕ್ಕಪಕ್ಕದ ನೋಟ ಕುಗ್ಗಿ, ಕೊಳವೆಯೊಳಗಿಂದ ಕಂಡಂತೆ ನಡುವಿನ ಜಗತ್ತಷ್ಟೇ ಉಳಿಯುತ್ತದೆ. ಇದೇ ರೆಟಿನೈಟಿಸ್ ಪಿಗ್ಮೆಂಟೋಸಾ. 'ಎ' ಜೀವಸತ್ವದ ಕೊರತೆಯಿಂದ ಬರುವ ಇರುಳುಗುರುಡು ತಕ್ಕ ಆಹಾರ ಔಷಧಗಳಿಂದ ನೀಗುತ್ತದೆ; ಇದು ಹಾಗೆ ನೀಗುವುದಲ್ಲ.

ಇದರ ಮೂಲವೆಲ್ಲಿ? 1990ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ಉತ್ತರವನ್ನು ಕಂಡುಕೊಂಡರು. ದಂಡಕೋಶದಲ್ಲಿ ಬೆಳಕನ್ನು ಹಿಡಿಯುವ ರೊಡಾಪ್ಸಿನ್ ಎಂಬ ಪ್ರೋಟೀನು 348 ಕೊಂಡಿಗಳ ಸರಪಳಿ. ಕೆಲವು ರೋಗಿಗಳಲ್ಲಿ ಅದರ 23ನೆಯ ಕೊಂಡಿ ಬದಲಾಗಿತ್ತು. ವಂಶವಾಹಿಯ ಬರಹದಲ್ಲಿ ಒಂದೇ ಒಂದು ಅಕ್ಷರ ವ್ಯತ್ಯಾಸವಾದುದೇ ಅದಕ್ಕೆ ಕಾರಣ. ಓಲೆಗರಿಯ ಲಿಪಿಕಾರನ ಕೈತಪ್ಪು ಮುಂದಿನ ಪ್ರತಿಗಳಿಗೂ ಹರಿದುಬರುವಂತೆ ಈ ತಪ್ಪೂ ತಲೆಮಾರುಗಳಿಗೆ ಇಳಿಯುತ್ತದೆ. ಅಕ್ಷಿಪಟಲವನ್ನು ಕೆಡಿಸುವ ಇಂಥ ಇನ್ನೂರಕ್ಕೂ ಹೆಚ್ಚು ವಂಶವಾಹಿಗಳು ಇಂದು ಗೊತ್ತಾಗಿವೆ.

ಕೆಲವು ದೋಷಗಳು ತಂದೆತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು. ಕೆಲವು ಇಬ್ಬರಿಂದಲೂ ಬರಬೇಕು. ಆಗ ಹೆತ್ತವರ ಕಣ್ಣು ಚೆನ್ನಾಗಿದ್ದರೂ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ದಕ್ಷಿಣ ಭಾರತದಲ್ಲಿ ರೂಢಿಯಲ್ಲಿರುವ ರಕ್ತಸಂಬಂಧದ ಮದುವೆಗಳಲ್ಲಿ ಒಂದೇ ದೋಷ ಎರಡೂ ಕಡೆಯಿಂದ ಕೂಡುವ ಸಾಧ್ಯತೆ ಹೆಚ್ಚು. ಮತ್ತೆ ಕೆಲವು ತಾಯಿಯ ಎಕ್ಸ್ ವರ್ಣತಂತುವಿನಿಂದ ಗಂಡುಮಕ್ಕಳಿಗೆ ಬರುತ್ತವೆ. ಸೋದರಮಾವನಿಗೂ ಅಳಿಯನಿಗೂ ಒಂದೇ ರೋಗ ಕಾಣುವುದು ಹೀಗೆ. ಹಾಗೆಂದು ತಾಯಿ ತಪ್ಪಿತಸ್ಥಳೆ? ಆ ಅಕ್ಷರವನ್ನು ಬರೆದವಳು ಆಕೆಯಲ್ಲ. ತನಗೆ ಬಂದುದನ್ನು ಅರಿಯದೆ ದಾಟಿಸಿದವಳು ಮಾತ್ರ.

2017ರಲ್ಲಿ ಆರ್.ಪಿ.ಇ.65 ಎಂಬ ವಂಶವಾಹಿಯ ದೋಷಕ್ಕೆ, ಅದರ ಸರಿಯಾದ ಪ್ರತಿಯನ್ನು ಕಣ್ಣಿನೊಳಕ್ಕೆ ಸೇರಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅದು ಆ ದೋಷವೊಂದಕ್ಕೇ ಸಲ್ಲುವ ಚಿಕಿತ್ಸೆ. ಕಣ್ಣಿನಲ್ಲಿ ಜೀವಂತ ಕೋಶಗಳು ಸಾಕಷ್ಟು ಉಳಿದಿರಲೂ ಬೇಕು. ಆದುದರಿಂದ ಕಾಲ ಕಳೆಯುವುದು ಸಲ್ಲದು. ಮದುವೆಯ ಸಂಬಂಧ ತಪ್ಪೀತೆಂದು ರೋಗವನ್ನು ಬಚ್ಚಿಟ್ಟರೆ ಅದು ಹೋಗುವುದಿಲ್ಲ. ಮುಂದಿನ ಮಗುವಿನ ಪರೀಕ್ಷೆ ಮಾತ್ರ ತಡವಾಗುತ್ತದೆ. ಮುಸ್ಸಂಜೆಯಲ್ಲಿ ಎಡವಿದ ಮಗುವನ್ನು ಗದರುವ ಮೊದಲು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯುವುದು ಹಿರಿಯರ ಕರ್ತವ್ಯ.