ಯಾವ ಲೈನ್?

ಮುಂಬೈಗೆ ಹೊರಟವರು 'ಎಲ್ಲಿ ಉಳಿದುಕೊಳ್ಳಲಿ?' ಎಂದು ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: 'ಕೆಲಸ ಯಾವ ಲೈನಿನಲ್ಲಿ?' ಬಾಡಿಗೆ, ಎಸಿ, ಬಿಸಿನೀರು ಎಲ್ಲ ಆಮೇಲೆ. ಲೋಕಲ್ ರೈಲಿನ ವೆಸ್ಟರ್ನೋ, ಸೆಂಟ್ರಲ್ಲೋ, ಹಾರ್ಬರೋ, ಮೊದಲು ಅದು ಗೊತ್ತಾಗಬೇಕು.

ಈ ಬುದ್ಧಿ ಬಂದದ್ದು ಅಂಧೇರಿಯಲ್ಲಿ. ಕೆಲಸವಿದ್ದದ್ದು ಫೋರ್ಟಿನಲ್ಲಿ, ವಿಮಾನ ನಿಲ್ದಾಣ ಹತ್ತಿರ ಎಂಬ ಆಸೆಗೆ ಬಿದ್ದು ಅಂಧೇರಿಯಲ್ಲಿ ರೂಮು ಹಿಡಿದಿದ್ದೆ. ವಿಮಾನ ಹತ್ತುವುದು ಒಂದು ಸಲ, ಚರ್ಚ್‌ಗೇಟ್ ಲೋಕಲ್ ಹತ್ತುವುದು ದಿನಾ ಎಂಬ ಲೆಕ್ಕ ಹೊಳೆದಿರಲಿಲ್ಲ. ಬೆಳಗ್ಗೆ 9ಕ್ಕೆ ವಿರಾರಿನಿಂದಲೇ ತುಂಬಿಕೊಂಡು ಬರುವ ಗಾಡಿಗೆ ನಾನಾಗಿ ಹತ್ತಿದ್ದೇ ಇಲ್ಲ, ಹಿಂದಿನವರು ಹತ್ತಿಸಿದರು. ಮೂರನೇ ದಿನ ಅಂಗಿಯ ಗುಂಡಿಯೊಂದು ನನಗಿಂತ ಮೊದಲೇ ಬಾಂದ್ರಾದಲ್ಲಿ ಇಳಿದುಹೋಯಿತು.

ಅಲ್ಲಿಂದಾಚೆಗೆ ನನ್ನದು ಮಾಟುಂಗಾ. ಸ್ಲೋ ಲೋಕಲ್ ಹಿಡಿದರೆ ಎಂಟನೇ ಸ್ಟೇಷನ್ನೇ ಸಿಎಸ್‌ಎಂಟಿ. ಇಳಿದರೆ ಫೋರ್ಟು ಕಾಲಳತೆಯಲ್ಲಿ. ಫಾಸ್ಟ್ ಗಾಡಿಗಳು ಇಲ್ಲಿ ನಿಲ್ಲುವುದಿಲ್ಲ, ನಿಲ್ಲದಿದ್ದರೆ ಬೇಡ. ದಕ್ಷಿಣದವರು ಬೇರುಬಿಟ್ಟ ಪೇಟೆ ಇದು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇರುವುದೂ ಇಲ್ಲೇ. ಬೆಳಗಾದರೆ ಹೂವಿನಂಗಡಿಗಳ ಮುಂದೆ ಮಲ್ಲಿಗೆ ದಂಡೆ, ನೀರು ಚಿಮುಕಿಸಿದ ಬಾಳೆಲೆಯ ಕಟ್ಟು. ಕಾಫಿಗೆ ಹಿಂದಿ ಬೇಕಿಲ್ಲ. ಜೋರು ಮಳೆ ಹಿಡಿದ ದಿನ ಮಾತ್ರ ಕಿಂಗ್ಸ್ ಸರ್ಕಲ್ಲಿನ ಕಡೆ ಪ್ಯಾಂಟು ಮಡಚಲು ತಯಾರಿರಬೇಕು.

ಸ್ಟೇಷನ್ ಹತ್ತಿರವೇ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಊಟ ಬಡಿಸುತ್ತಿದೆ. ಹೆಸರು ನೋಡಿ ಹಾಸಿಗೆ ಕೇಳಬೇಡಿ. ಹಳೆಯ ಕಾಲದ ಭಾಷೆಯಲ್ಲಿ ಬೋರ್ಡಿಂಗ್ ಅಂದರೆ ಊಟ, ಮಲಗುವುದಕ್ಕೆ ಲಾಡ್ಜಿಂಗ್.

ನಾನು ಇಷ್ಟೆಲ್ಲ ಹೇಳಿ ಕಳಿಸಿದ್ದ ನಮ್ಮ ಭಾವ ಫೋನ್ ಮಾಡಿದರು. "ಮಾಟುಂಗಾದಲ್ಲೇ ಇಳಿದಿದ್ದೀನಯ್ಯ. ನಿನ್ನ ಹೂವಿನಂಗಡಿ ಎಲ್ಲಿ?"

"ಭಾವಾ, ಬೋರ್ಡು ಪೂರ್ತಿ ಓದಿ."

ಸ್ವಲ್ಪ ಹೊತ್ತು ಮಾತಿಲ್ಲ. "ರೋಡ್ ಅಂತಲೂ ಬರೆದಿದಾರೆ."

ಮಾಟುಂಗಾ ಸೆಂಟ್ರಲ್ಲಿನದು, ಮಾಟುಂಗಾ ರೋಡ್ ವೆಸ್ಟರ್ನಿನದು. ನಡುವೆ ರೈಲ್ವೆ ಹಳಿಗಳು. ಭಾವ ಎರಡು ಬ್ಯಾಗು ಹೊತ್ತು, ಮೆಟ್ಟಿಲು ಹತ್ತಿ, ಕಾಲುಸೇತುವೆ ದಾಟಿ, ಬೆವರು ಒರೆಸಿಕೊಳ್ಳುತ್ತ ಈಚೆ ಬಂದರಂತೆ. ಒಂದು ಗಂಟೆಯ ಮೇಲೆ ಮತ್ತೆ ಫೋನು. ದನಿಯಲ್ಲಿ ಸಾರು, ಮಜ್ಜಿಗೆಯ ತೃಪ್ತಿ.

"ಬೋರ್ಡಿಂಗ್ ಆಯ್ತಪ್ಪ, ಸೊಗಸಾಗಿತ್ತು. ಲಾಡ್ಜಿಂಗ್ ಯಾವ ಲೈನಿನಲ್ಲಿ?"